ಅವನೋ, ಅವರೋ?

ಪತ್ರಿಕೆಯ ಡೆಸ್ಕಿನಲ್ಲಿ ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಮೊದಲು ಕೈಗೆ ಬಂದದ್ದು ಅಪರಾಧ ಸುದ್ದಿಗಳನ್ನು ತಿದ್ದುವ ಕೆಲಸ. ಎದುರು ಕೂರುತ್ತಿದ್ದ ಹಿರಿಯರೊಬ್ಬರು ಎರಡನೆಯ ದಿನವೇ ವ್ಯಾಕರಣ ಪಾಠ ಮಾಡಿದರು: “ನೋಡಪ್ಪಾ, ಠಾಣೆ ಮೆಟ್ಟಿಲು ಹತ್ತಿದವನು ಏಕವಚನ, ವಿಧಾನಸೌಧದ ಮೆಟ್ಟಿಲು ಹತ್ತಿದವರು ಬಹುವಚನ. ಯಾರಾದರೂ ಎರಡೂ ಹತ್ತಿದ್ದರೆ ನನ್ನನ್ನು ಕೇಳು.” ನಾವೆಲ್ಲ ನಕ್ಕೆವು. ನಗುತ್ತಲೇ ವರ್ಷಗಟ್ಟಲೆ ಹಾಗೆಯೇ ಬರೆದೆವು. ನಿನ್ನೆಯವರೆಗೆ ಬೀದಿಗೆಲ್ಲ ‘ಮೇಷ್ಟ್ರು’ ಆಗಿದ್ದವರು ಬಂಧನವಾದ ಮರುದಿನದ ಪುಟದಲ್ಲಿ ‘ಸಿಕ್ಕಿಬಿದ್ದಿದ್ದಾನೆ’ ಆಗುತ್ತಿದ್ದರು. ಆರೋಪಪಟ್ಟಿ ಸಲ್ಲಿಕೆಯಾಗಿಲ್ಲ, ಒಬ್ಬ ಸಾಕ್ಷಿಯೂ ಕಟಕಟೆ ಹತ್ತಿಲ್ಲ, ಆದರೆ ನಮ್ಮ ಕ್ರಿಯಾಪದ ಆಗಲೇ ತೀರ್ಪು ಕೊಟ್ಟು ಮನೆಗೆ ಹೋಗಿರುತ್ತಿತ್ತು.

ಇಂಗ್ಲಿಷ್ ಪತ್ರಿಕೆಯವರಿಗೆ ಈ ತಾಪತ್ರಯವಿಲ್ಲ. ಕಳ್ಳನಿಗೂ ಪ್ರಧಾನಿಗೂ ಒಂದೇ ‘ಹಿ’. ಕನ್ನಡದಲ್ಲಿ ಹಾಗಲ್ಲ; ಒಬ್ಬ ಮನುಷ್ಯನ ಬಗ್ಗೆ ಒಂದು ವಾಕ್ಯ ಮುಗಿಸಬೇಕಾದರೂ ಆತ ಎಂಥವನೆಂದು ಮೊದಲೇ ತೀರ್ಮಾನಿಸಿಕೊಂಡಿರಬೇಕು. ‘ಆತ’ ಎಂಬ ನಡುದಾರಿ ಇದೆ, ನಿಜ. ಕ್ರಿಯಾಪದದ ಹೊತ್ತಿಗೆ ಅದೂ ಏಕವಚನಕ್ಕೇ ಇಳಿಯುತ್ತದೆ.

ರ‍್ಯಾಂಡಿ ವೀವರ್ ಬಗ್ಗೆ ಬರೆಯಲು ಕೂತಾಗ ಈ ಹಳೆಯ ತೊಡಕು ಮತ್ತೆ ಎದುರಾಯಿತು. 1992ರ ಆಗಸ್ಟಿನಲ್ಲಿ, ಅಮೆರಿಕದ ಐಡಹೊ ರಾಜ್ಯದ ಉತ್ತರ ತುದಿಯ ರೂಬಿ ರಿಡ್ಜ್ ಎಂಬ ಗುಡ್ಡದಲ್ಲಿ, ಎರಡು ದಿನಗಳೊಳಗೆ ಮೂರು ಜನ ಸತ್ತರು. ಒಬ್ಬರು ಸರ್ಕಾರಿ ಅಧಿಕಾರಿ. ಉಳಿದಿಬ್ಬರು ವೀವರನ ಹದಿನಾಲ್ಕು ವರ್ಷದ ಮಗ ಮತ್ತು ಹೆಂಡತಿ. ಆ ಇಬ್ಬರೂ ಸತ್ತದ್ದು ಸರ್ಕಾರದ ಗುಂಡಿಗೆ. ವೀವರ್ ಬದುಕಿ ಉಳಿದು 2022ರ ಮೇ ತಿಂಗಳಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ. (ನೋಡಿ, ‘ಕೊಂಡ’ ಎಂದು ಬಂದೇಬಿಟ್ಟಿತು. ಸದ್ಯಕ್ಕೆ ಹಾಗೇ ಇರಲಿ.)

ಈ ವಿಷಯ ಬರೆಯುತ್ತೇನೆಂದು ಪುತ್ತೂರಿನ ವಕೀಲ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. “ಎಂತದು ಮಾರಾಯ, ಆ ಮನುಷ್ಯ ನಿನ್ನಂಥವನನ್ನು ಅಂಗಳಕ್ಕೆ ಬಿಡುತ್ತಿರಲಿಲ್ಲ. ಅವನ ಪರವಾಗಿ ನೀನು ಬರೆಯುವುದಾ?” ಎಂದ. ಪರವಾಗಿ ಅಲ್ಲ ಎಂದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಹಾಗೆ, ಮನುಷ್ಯರ ವಿಷಯದಲ್ಲೂ ನಾವು ಮೊದಲು ಪರ–ವಿರೋಧದ ಸೀಟು ಹಿಡಿಯುತ್ತೇವೆ, ಬಸ್ಸು ಯಾವ ಊರಿಗೆ ಹೋಗುತ್ತದೆಂದು ಆಮೇಲೆ ಕೇಳುತ್ತೇವೆ. ಅದರ ಬಗ್ಗೆ ಬರೆಯಬೇಕು ಎಂದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಗೆಳೆಯ ಹೇಳಿದ್ದು ಸುಳ್ಳಲ್ಲ. ವೀವರ್ ಅಯೋವ ರಾಜ್ಯದ ರೈತ ಕುಟುಂಬದಿಂದ ಬಂದವನು. ಸೈನ್ಯದಲ್ಲಿ ವಿಶೇಷ ಪಡೆಯ ತರಬೇತಿ ಪಡೆದಿದ್ದ, ಆಮೇಲೆ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ. 1971ರಲ್ಲಿ ಮದುವೆ. ಗಂಡ ಹೆಂಡತಿ ಬೈಬಲ್ಲನ್ನು ತಮ್ಮದೇ ರೀತಿಯಲ್ಲಿ ಓದುತ್ತಾ ಓದುತ್ತಾ ಲೋಕಕ್ಕೆ ಅಂತ್ಯ ಹತ್ತಿರವಾಯಿತೆಂಬ ನಂಬಿಕೆಗೆ ಬಂದರು. 1983ರಲ್ಲಿ ಇದ್ದದ್ದನ್ನು ಮಾರಿ ಐಡಹೊಗೆ ಹೋದರು. ಗುಡ್ಡದ ಮೇಲೆ ಇಪ್ಪತ್ತು ಎಕರೆ ಜಾಗ ಕೊಂಡು, ಪ್ಲೈವುಡ್ ಹಲಗೆಗಳ ಮನೆ ಕಟ್ಟಿಕೊಂಡರು, ಕರೆಂಟಿಲ್ಲ, ನಲ್ಲಿಯಿಲ್ಲ. ಅವರ ನಂಬಿಕೆಯ ಪ್ರಕಾರ ಬಿಳಿಯರು ದೇವರು ಆರಿಸಿದ ಜನ, ಯಹೂದಿಗಳು ಶತ್ರುಗಳು, ಜನಾಂಗಗಳು ಬೆರೆಯಬಾರದು. ಹತ್ತಿರದ ಹೇಡನ್ ಲೇಕ್‌ನಲ್ಲಿದ್ದ ‘ಆರ್ಯನ್ ನೇಷನ್ಸ್’ ಎಂಬ ಬಿಳಿಯ ಜನಾಂಗವಾದಿ ಸಂಘಟನೆಯ ಸಮಾವೇಶಗಳಿಗೂ ವೀವರ್ ಹೋಗಿ ಬರುತ್ತಿದ್ದ. ಅದರ ಸದಸ್ಯನಾಗಿರಲಿಲ್ಲ. ತಾನು ಬಿಳಿಯರು ಮೇಲು ಎನ್ನುವವನಲ್ಲ, ಪ್ರತ್ಯೇಕ ಇರಬೇಕು ಎನ್ನುವವನು ಅಷ್ಟೆ ಎಂಬುದು ಆತನ ಸಮಜಾಯಿಷಿ.

ಆ ಸಮಜಾಯಿಷಿ ನಮಗೆ ಹೊಸದೇನಲ್ಲ. ‘ನಮಗೆ ಅವರ ಮೇಲೆ ದ್ವೇಷ ಏನೂ ಇಲ್ಲಪ್ಪ, ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು’ ಎನ್ನುತ್ತಲೇ ಈ ದೇಶದ ಪ್ರತಿ ಊರಿನ ಹೊರಗೂ ಒಂದು ಕೇರಿ ಕಟ್ಟಿದ್ದೇವೆ. ನನ್ನ ಅಜ್ಜಿ ಕೆಲಸದವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದಳು, ತಂಬಿಗೆ ಅವರ ಕೈಗೆ ತಾಗದಂತೆ ನೋಡಿಕೊಳ್ಳುತ್ತಿದ್ದಳು. ಅದೇ ಅಜ್ಜಿ, ಬೆಳೆ ಕೈಕೊಟ್ಟ ವರ್ಷ ಅವರ ಮನೆಗಳಿಗೆ ನಮ್ಮ ಕಣಜದ ಭತ್ತ ಹೋಗುವವರೆಗೂ ತಾನು ಊಟಕ್ಕೆ ಕೂರುವುದಿಲ್ಲವೆಂದು ಅಜ್ಜನ ಹತ್ತಿರ ಜಗಳಕ್ಕೆ ನಿಂತಿದ್ದಳಂತೆ. ಎರಡೂ ಒಂದೇ ಕೈಯ ಕೆಲಸ. ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದಕ್ಕೆ ‘ಅಜ್ಜಿ’ ಎಂದು ಹೆಸರಿಡುವ ಲೆಕ್ಕ ನನಗೆ ಇಂದಿಗೂ ಬಂದಿಲ್ಲ. ಭತ್ತ ಕೊಟ್ಟದ್ದರಿಂದ ತಂಬಿಗೆ ಕೆಳಗಿಳಿಯಲಿಲ್ಲ. ತಂಬಿಗೆ ಮೇಲಿದ್ದುದರಿಂದ ಭತ್ತ ಸುಳ್ಳಾಗಲಿಲ್ಲ.

ಇಂಥವರ ವಿಷಯದಲ್ಲಿ ‘ಪಾಪ, ನಂಬಿದ್ದನ್ನು ಪ್ರಾಮಾಣಿಕವಾಗಿ ನಂಬಿದ್ದರು’ ಎಂಬ ಮಾತೊಂದು ಬರುತ್ತದೆ. ಪ್ರಾಮಾಣಿಕತೆಗೆ ಒಂದು ಬೆಲೆ ಇದೆ, ಆದರೆ ಅದು ಕೋರ್ಟಿನಲ್ಲಿ ನಡೆಯುವ ನಾಣ್ಯ. 1985ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳ ಪಂಗಡಕ್ಕೆ ಸೇರಿದ ಮೂವರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಯ ಹೊತ್ತಿಗೆ ಅವರು ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಲು ಆದೇಶಿಸಿತು. ಆ ನಂಬಿಕೆ ನಮಗೆ ಹಿಡಿಸುತ್ತದೆಯೇ ಎಂದು ಪೀಠ ಕೇಳಲಿಲ್ಲ; ಅದು ಮನಃಪೂರ್ವಕವಾದದ್ದೇ ಎಂದಷ್ಟೇ ಕೇಳಿತು. ಸರ್ಕಾರ ಮೈಮೇಲೆ ಬಂದಾಗ ಒಬ್ಬನನ್ನು ಕಾಯಲು ಅಷ್ಟು ಸಾಕು. ಆತ ಒಳ್ಳೆಯವನೆನ್ನಲು ಅಷ್ಟು ಸಾಲದು. ವೀವರ್ ಕೂಡ ತನ್ನ ನಂಬಿಕೆಯಲ್ಲಿ ಪ್ರಾಮಾಣಿಕನೇ ಆಗಿದ್ದ. ಅದರಿಂದ ಆ ನಂಬಿಕೆಯ ವಿಷ ಒಂದು ತೊಟ್ಟೂ ಕಡಿಮೆಯಾಗುವುದಿಲ್ಲ.

ಹಾಗಾದರೆ ನಡತೆಯನ್ನು ಎಲ್ಲಿ ಹುಡುಕಬೇಕು? ನಾನು ಹುಡುಕಿದ್ದು ಕಥೆಯ ಒಂದು ಸಣ್ಣ ತಿರುವಿನಲ್ಲಿ.

ಆರ್ಯನ್ ನೇಷನ್ಸ್ ಸಮಾವೇಶದಲ್ಲಿ ಪರಿಚಯವಾದವನೊಬ್ಬ 1989ರಲ್ಲಿ ವೀವರನಿಂದ ನಳಿಗೆ ಕತ್ತರಿಸಿದ ಎರಡು ಶಾಟ್‌ಗನ್ ಕೊಂಡ. ಹದಿನೆಂಟು ಅಂಗುಲಕ್ಕಿಂತ ಗಿಡ್ಡ ನಳಿಗೆಯ ಶಾಟ್‌ಗನ್ನನ್ನು ನೋಂದಣಿಯಿಲ್ಲದೆ ಮಾರುವುದು ಅಲ್ಲಿ ಅಪರಾಧ. ಕೊಂಡವನು ಮದ್ಯ, ತಂಬಾಕು ಮತ್ತು ಬಂದೂಕುಗಳ ಮೇಲೆ ಕಣ್ಣಿಡುವ ಎಟಿಎಫ್ ಎಂಬ ಕೇಂದ್ರ ಇಲಾಖೆಯ ಬಾತ್ಮೀದಾರ. 1990ರಲ್ಲಿ ಇಲಾಖೆಯವರು ವೀವರನ ಎದುರು ಬಂದು ವ್ಯಾಪಾರ ಕುದುರಿಸಲು ನೋಡಿದರು: ಆ ಸಂಘಟನೆಯೊಳಗೆ ನಮ್ಮ ಕಿವಿಯಾಗಿರು, ಕೇಸು ಹಗುರವಾಗುತ್ತದೆ. ವೀವರ್ ಆಗುವುದಿಲ್ಲ ಎಂದ. ಅದೇ ವರ್ಷದ ಡಿಸೆಂಬರಿನಲ್ಲಿ ಆತನ ಮೇಲೆ ಆರೋಪ ದಾಖಲಾಯಿತು.

ಆ ‘ಆಗುವುದಿಲ್ಲ’ದ ಮುಂದೆ ನಾನು ಬಹಳ ಹೊತ್ತು ಕೂತಿದ್ದೇನೆ. ಜೊತೆಗಾರರನ್ನು ಪೊಲೀಸರಿಗೆ ಮಾರಿಕೊಳ್ಳದೆ ತನ್ನ ಮೇಲೆ ಕೇಸು ಬರಲಿ ಎಂದವನಿಗೆ ನಾವು ಎಲ್ಲ ಕಾಲದಲ್ಲೂ ತಲೆದೂಗಿದ್ದೇವೆ. ತುರ್ತು ಪರಿಸ್ಥಿತಿಯಲ್ಲಿ ಭೂಗತರ ಸುಳಿವು ಕೊಡಲೊಲ್ಲದೆ ಪೆಟ್ಟು ತಿಂದವರನ್ನು ಇಂದಿಗೂ ಹಾಗೆಯೇ ನೆನೆಯುತ್ತೇವೆ. ಆದರೆ ಇಲ್ಲಿ ಆ ಜೊತೆಗಾರರು ಯಾರು? ಸ್ವಸ್ತಿಕದ ಕೆಳಗೆ ನಿಂತು ಕೈ ಎತ್ತುವವರು. ಹಾಗಿದ್ದರೆ ಆ ನಿರಾಕರಣೆ ನಿಷ್ಠೆಯೋ, ದ್ವೇಷದ ಒಡನಾಟವೋ? ಗೆಳೆಯ ಎರಡನೆಯದೆನ್ನುತ್ತಾನೆ. ನನಗೆ ಎರಡೂ ಒಂದೇ ಬಟ್ಟೆಯ ಎರಡು ಮುಖಗಳಂತೆ ಕಾಣುತ್ತವೆ. ಒಂದೇ ಕೆಲಸ ನಮ್ಮವನು ಮಾಡಿದರೆ ಗುಣ, ಅವರವನು ಮಾಡಿದರೆ ಹಟ ಎಂದು ಓದುವ ಅಭ್ಯಾಸವನ್ನು ಬಿಟ್ಟರೆ, ಆ ಕ್ಷಣದಲ್ಲಿ ಮನುಷ್ಯ ತನಗೆ ನಷ್ಟವಾಗುವ ದಾರಿಯನ್ನೇ ಹಿಡಿದ ಎಂಬುದಾದರೂ ಒಪ್ಪಬೇಕಾದ ಮಾತು.

ಮುಂದಿನದು ಅಷ್ಟು ಗೌರವದ್ದಲ್ಲ. 1991ರ ಜನವರಿಯಲ್ಲಿ, ದಾರಿಯಲ್ಲಿ ಗಾಡಿ ಕೆಟ್ಟು ನಿಂತವರಂತೆ ನಟಿಸಿದ ಅಧಿಕಾರಿಗಳು, ಸಹಾಯಕ್ಕೆಂದು ಇಳಿದ ವೀವರ್ ದಂಪತಿಯನ್ನು ಹಿಡಿದರು. (ಸಹಾಯಕ್ಕೆ ಇಳಿದದ್ದನ್ನೂ ಯಾರಾದರೂ ನಡತೆಯ ಲೆಕ್ಕಕ್ಕೆ ಹಾಕಿಕೊಳ್ಳಬಹುದು.) ಜಾಮೀನು ಕೊಟ್ಟ ಮ್ಯಾಜಿಸ್ಟ್ರೇಟರು, ಕೇಸು ಸೋತರೆ ಜಾಗ ಕಳೆದುಕೊಳ್ಳಬೇಕಾದೀತು ಎಂಬ ಅರ್ಥ ಬರುವ ತಪ್ಪು ಮಾತು ಹೇಳಿದರು. ವಿಚಾರಣೆಯ ದಿನ ಫೆಬ್ರವರಿ 20 ಎಂದಿದ್ದರೆ, ಪ್ರೊಬೇಷನ್ ಕಚೇರಿಯ ಒಂದು ಪತ್ರ ಮಾರ್ಚ್ 20 ಎಂದಿತು. ಆ ಮಾರ್ಚ್ 20 ಬರುವ ಮೊದಲೇ, 14ರಂದು, ಗೈರುಹಾಜರಿಯ ಆರೋಪವನ್ನೂ ಹೊರಿಸಲಾಯಿತು. ಸರ್ಕಾರಿ ಕಚೇರಿಗೆ ಅಲೆದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಆದರೆ ವೀವರ್ ಮಾರ್ಚ್ 20ರಂದೂ ಹೋಗಲಿಲ್ಲ. ಹದಿನೆಂಟು ತಿಂಗಳು ಗುಡ್ಡದಿಂದ ಇಳಿಯಲಿಲ್ಲ. ಆ ನಡುವೆ ಗುಡ್ಡದ ಮೇಲೆಯೇ ಹೆಂಡತಿಗೆ ನಾಲ್ಕನೆಯ ಹೆರಿಗೆಯಾಯಿತು. ಮಕ್ಕಳು ಹೆಗಲಿಗೆ ಬಂದೂಕು ಹಾಕಿಕೊಂಡು ಓಡಾಡುವ ಮನೆ ಅದು. ಲೋಕ ಮುಳುಗುತ್ತದೆಂದು ನಂಬುವ ಹಕ್ಕು ತಂದೆಗೆ ಇರಬಹುದು. ಆ ನಂಬಿಕೆಗೆ ಹದಿನಾಲ್ಕು ವರ್ಷದ ಮಗನನ್ನು ಕಾವಲಿಗೆ ನಿಲ್ಲಿಸುವುದು ಬೇರೆ ಮಾತು. ಬೇರೆಯವರು ಆತನ ಜನಾಂಗವಾದವನ್ನು ಮೊದಲ ಅಪರಾಧವೆಂದು ಎಣಿಸಿದರೆ, ನನ್ನ ಪಟ್ಟಿಯಲ್ಲಿ ಇದು ಮೊದಲು.

ಸರ್ಕಾರವೂ ಈ ಹೊತ್ತಿಗೆ ವೀವರನ ನಡತೆಯನ್ನು ಅಳೆಯುತ್ತಾ ಕೂತಿತ್ತು. ನನ್ನ ತಕರಾರಿನ ಮುಖ್ಯ ಭಾಗ ಇರುವುದು ಅಲ್ಲಿ. ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋದ ಟಿಪ್ಪಣಿಗಳಲ್ಲಿ ಇಲಿ ಹುಲಿಯಾಗುತ್ತಾ ಹೋಯಿತು. ಬ್ಯಾಂಕ್ ದರೋಡೆಗಳಲ್ಲಿ ಶಂಕಿತ ಎಂದು ಒಂದು ಕಡೆ ಸೇರಿತು, ಅದು ಸುಳ್ಳು. ಹಿಂದೆ ಶಿಕ್ಷೆಯಾಗಿದೆ ಎಂದು ಇನ್ನೊಂದು ಕಡೆ ಬಂತು; ಅದೂ ಸುಳ್ಳು, ಆತನ ಮೇಲೆ ಹಳೆಯ ಶಿಕ್ಷೆ ಯಾವುದೂ ಇರಲಿಲ್ಲ. ಗುಡ್ಡದ ತುಂಬ ಸ್ಫೋಟಕ ಹೂತಿಟ್ಟಿರಬಹುದು ಎಂಬ ಊಹೆ, ಸುರಂಗಗಳಿರಬಹುದು ಎಂಬ ಊಹೆ, ಸೈನ್ಯದ ಹಳೆಯ ತರಬೇತಿ, ಜೊತೆಗೆ ಆತನ ನಂಬಿಕೆ. ಇಂಥ ನಂಬಿಕೆಯವನು ಏನು ಮಾಡಲಿಕ್ಕೂ ಹೇಸುವುದಿಲ್ಲ ಎಂಬ ಗುಮಾನಿ ಎಲ್ಲ ಟಿಪ್ಪಣಿಗಳಿಗೂ ಅಂಟಿನಂತೆ ಕೆಲಸ ಮಾಡಿತು. ಗಿಡ್ಡ ನಳಿಗೆಯ ಎರಡು ಬಂದೂಕು ಮಾರಿ ಕೋರ್ಟಿಗೆ ಹೋಗದೆ ತಪ್ಪಿಸಿಕೊಂಡವನು ಕಾಗದದಲ್ಲಿ ಒಂದು ಸಣ್ಣ ಸೈನ್ಯವಾಗಿದ್ದ.

1992ರ ಆಗಸ್ಟ್ 21ರಂದು, ಬಂಧನಕ್ಕೆ ಜಾಗ ನೋಡಿಕೊಂಡು ಬರಲು ಆರು ಮಾರ್ಷಲ್‌ಗಳು ಕಾಡಿನೊಳಗೆ ಹೋದರು. ವೀವರ್ ಮನೆಯ ನಾಯಿ ವಾಸನೆ ಹಿಡಿಯಿತು. ನಾಯಿಯ ಹಿಂದೆ ಮಗ ಸ್ಯಾಮಿ, ಜೊತೆಗೆ ಮನೆಯಲ್ಲೇ ಇರುತ್ತಿದ್ದ ತರುಣ ಕೆವಿನ್ ಹ್ಯಾರಿಸ್. ಮಾರ್ಷಲ್ ಒಬ್ಬರು ನಾಯಿಗೆ ಗುಂಡು ಹೊಡೆದರು. ಅದಕ್ಕೆ ಮೊದಲೋ ಆಮೇಲೋ ಎಂಬುದು ಕೋರ್ಟಿನಲ್ಲೂ ವಿವಾದವಾಗಿಯೇ ಉಳಿಯಿತು, ಅಂತೂ ಎರಡೂ ಕಡೆಯಿಂದ ಗುಂಡು ಹಾರಿದವು. ಮನೆಯ ಕಡೆ ಓಡುತ್ತಿದ್ದ ಸ್ಯಾಮಿಗೆ ಬೆನ್ನಿಗೆ ಗುಂಡು ತಗುಲಿತು. ಹ್ಯಾರಿಸ್ ಹಾರಿಸಿದ ಗುಂಡಿಗೆ ಮಾರ್ಷಲ್ ವಿಲಿಯಂ ಡೀಗನ್ ಸತ್ತರು. ನಲವತ್ತೆರಡು ವರ್ಷ, ಇಲಾಖೆಯಲ್ಲಿ ಹೆಸರು ಮಾಡಿದ್ದವರು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಡೀಗನ್ ಅವರ ಸಾವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನಾನೂ ಈಗ ಹೆಚ್ಚುಕಡಿಮೆ ಹಾಗೇ ಮಾಡಿದೆ.

ಮರುದಿನದ ಹೊತ್ತಿಗೆ ಎಫ್‌ಬಿಐನ ವಿಶೇಷ ಪಡೆ ಬಂದಿತ್ತು. ಗುಂಡು ಯಾವಾಗ ಹಾರಿಸಬೇಕೆಂಬ ನಿಯಮ ಅವರಲ್ಲಿ ಮೊದಲೇ ಇತ್ತು: ಪ್ರಾಣಕ್ಕೆ ಕುತ್ತು ಎದುರಿದ್ದರೆ ಮಾತ್ರ ಹಾರಿಸಬಹುದು. ರೂಬಿ ರಿಡ್ಜ್‌ಗೆಂದೇ ಅದನ್ನು ತಿದ್ದಿದರು. ಮನೆಯ ಹೊರಗೆ ಬಂದೂಕು ಹಿಡಿದ ವಯಸ್ಕ ಗಂಡಸು ಯಾರೇ ಕಂಡರೂ ಹಾರಿಸಬಹುದು, ಹಾರಿಸಲೂಬೇಕು ಎಂದಾಯಿತು. ಕನ್ನಡದಲ್ಲಿ ಎರಡು ಪ್ರತ್ಯಯಗಳಷ್ಟೇ ವ್ಯತ್ಯಾಸ, ‘ಬಹುದು’ ಮತ್ತು ‘ಬೇಕು’. ಅಷ್ಟು ದಿನ ಕಾಗದದ ಮೇಲೆ ಬೆಳೆದ ನಡತೆಯ ವರದಿ ಆ ‘ಬೇಕು’ವಿನಲ್ಲಿ ಬಂದು ನಿಂತಿತು. ಯಾರು ಏನು ಮಾಡುತ್ತಿದ್ದಾರೆಂದು ನೋಡುವ ಅಗತ್ಯವೇ ಇರಲಿಲ್ಲ. ಯಾರೆಂದು ಗೊತ್ತಿದ್ದರೆ ಸಾಕಿತ್ತು.

ಸಂಜೆಯ ಹೊತ್ತಿಗೆ ವೀವರ್ ಹೊರಗೆ ಬಂದ. ಮಗನ ಹೆಣ ಇಟ್ಟಿದ್ದ ಕೊಟ್ಟಿಗೆಯ ಬಾಗಿಲಿಗೆ ಕೈ ಹಾಕುವಾಗ, ಸುಮಾರು ಇನ್ನೂರು ಗಜ ದೂರದಿಂದ ಲಾನ್ ಹೊರಿಯುಚಿ ಎಂಬ ಗುರಿಕಾರ ಹಾರಿಸಿದ ಗುಂಡು ತಗುಲಿತು, ಗಾಯವಾಯಿತು. ಮೂವರೂ (ವೀವರ್, ಹಿರಿಮಗಳು, ಹ್ಯಾರಿಸ್) ಮನೆಯ ಕಡೆ ಓಡಿದರು. ಹೆಂಡತಿ ವಿಕಿ ಹತ್ತು ತಿಂಗಳ ಕೂಸನ್ನು ತೋಳಿನಲ್ಲಿ ಹಿಡಿದು ಬಾಗಿಲು ತೆರೆದು ನಿಂತಿದ್ದಳು. ಎರಡನೆಯ ಗುಂಡು ಬಾಗಿಲಿನ ಗಾಜನ್ನು ತೂರಿ ಅವಳ ತಲೆಗೆ ಬಡಿದು, ಮುಂದೆ ಹೋಗಿ ಹ್ಯಾರಿಸನನ್ನು ಗಾಯಗೊಳಿಸಿತು. ಕೂಸು ಬದುಕಿತು. ತಾನು ಗುರಿಯಿಟ್ಟದ್ದು ಹ್ಯಾರಿಸನಿಗೆ, ಬಾಗಿಲ ಹಿಂದೆ ಅವಳಿದ್ದದ್ದು ಗೊತ್ತಿರಲಿಲ್ಲ ಎಂದು ಹೊರಿಯುಚಿ ಹೇಳಿದರು. ಅಡುಗೆಮನೆಯಲ್ಲಿ ಹೆಣವಿರುವಾಗಲೇ ಹೊರಗಿನಿಂದ ಧ್ವನಿವರ್ಧಕದಲ್ಲಿ ಅವಳ ಹೆಸರು ಹಿಡಿದು ಮಾತಿಗೆ ಕರೆಯುತ್ತಿದ್ದರು. ಸತ್ತದ್ದು ಅವರಿಗೆ ಗೊತ್ತಿರಲಿಲ್ಲವಂತೆ. ಒಳಗಿದ್ದವರಿಗೆ ಅದು ಅಣಕವಾಗಿ ಕೇಳಿಸಿತು. ಮಾತಾಡಲು ಟೆಲಿಫೋನ್ ಹೊತ್ತು ಬಂದ ಯಂತ್ರಕ್ಕೆ ಒಂದು ಶಾಟ್‌ಗನ್ನನ್ನೂ ಕಟ್ಟಿದ್ದರು. ವೀವರ್ ಫೋನ್ ಎತ್ತಿಕೊಳ್ಳಲಿಲ್ಲ. ಹನ್ನೊಂದನೆಯ ದಿನ, ಆಗಸ್ಟ್ 31ರಂದು, ಮಧ್ಯಸ್ಥರ ಮಾತಿಗೆ ಒಪ್ಪಿ ಮಕ್ಕಳೊಂದಿಗೆ ಹೊರಬಂದ.

ಅಷ್ಟರಲ್ಲಿ ಗುಡ್ಡದ ಬುಡದ ಪೊಲೀಸ್ ತಡೆಯ ಹತ್ತಿರ ಜನ ಸೇರಿದ್ದರು. ಅಕ್ಕಪಕ್ಕದ ರೈತರು, ಹಳೆಯ ಸೈನಿಕರು, ಅವರ ನಡುವೆ ತಲೆ ಬೋಳಿಸಿಕೊಂಡ ನವ–ನಾಜಿ ಹುಡುಗರು. ವೀವರನ ಎರಡನೆಯ ನಡತೆ ಪ್ರಮಾಣಪತ್ರ ಬರೆಯಲು ಶುರುವಾದದ್ದು ಅಲ್ಲಿಂದ. ಸರ್ಕಾರ ಬರೆದದ್ದು ರಾಕ್ಷಸನೆಂದು. ಇವರು ಬರೆದದ್ದು ಹುತಾತ್ಮನ ತಂದೆ, ಸ್ವಾತಂತ್ರ್ಯವೀರ ಎಂದು. ಸತ್ತ ಎಮ್ಮೆಗೆ ಹಾಲು ಹೆಚ್ಚು ಎನ್ನುವ ಹಾಗೆ, ಪೆಟ್ಟು ತಿಂದವನಿಗೆ ಗುಣ ಹೆಚ್ಚು. ಮರುವರ್ಷ ಟೆಕ್ಸಸಿನ ವೇಕೊದಲ್ಲಿ ಇನ್ನೊಂದು ಪಂಗಡದ ಮನೆಗೆ ಐವತ್ತೊಂದು ದಿನಗಳ ಮುತ್ತಿಗೆ ಬಿದ್ದು, ಕೊನೆಯ ದಿನ ಬೆಂಕಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಮಕ್ಕಳೂ ಸೇರಿ. ಈ ಎರಡನ್ನೂ ನೆಪವಾಗಿಟ್ಟುಕೊಂಡು ಟಿಮೊಥಿ ಮ್ಯಾಕ್‌ವೇ 1995ರ ಏಪ್ರಿಲ್ 19ರಂದು ಒಕ್ಲಹಾಮ ನಗರದ ಸರ್ಕಾರಿ ಕಟ್ಟಡದ ಮುಂದೆ ಬಾಂಬಿಟ್ಟ. 168 ಜನ ಸತ್ತರು. ಅವರಲ್ಲಿ 19 ಮಕ್ಕಳು. ಸ್ಯಾಮಿಯ ಸಾವಿಗೆ ಕಣ್ಣೀರು ಹಾಕಿದವನಿಗೆ ಆ ಮಕ್ಕಳು ಯಾರ ಲೆಕ್ಕಕ್ಕೂ ಸೇರದವರಾಗಿದ್ದರು.

ಗೆಳೆಯ ಇಲ್ಲಿ ನನ್ನನ್ನು ಹಿಡಿದ. “ನೋಡು, ಇಂಥವರಿಗೆ ಕನಿಕರ ತೋರಿಸಿದರೆ ಆಗುವುದೇ ಇದು.” ನನಗೆ ಹಾಗನ್ನಿಸುವುದಿಲ್ಲ. ಸರ್ಕಾರ ಮಾಡಿದ್ದು ತಪ್ಪು ಎಂದು ಹೇಳಬೇಕಾದವರು ಹೊತ್ತಿಗೆ ಸರಿಯಾಗಿ, ಜೋರಾಗಿ ಹೇಳದೆ ಇದ್ದಾಗ, ಆ ಸತ್ಯವನ್ನು ಎತ್ತಿಕೊಂಡು ಹೋದದ್ದು ಮ್ಯಾಕ್‌ವೇಯಂಥವರು. ‘ಜನಾಂಗವಾದಿ ತಾನೇ, ಬಿಡಿ’ ಎಂದು ಸುಮ್ಮನಿದ್ದ ಸಭ್ಯರ ಪಾಲೂ ಅದರಲ್ಲಿದೆ ಎಂದು ನನ್ನ ಅನುಮಾನ.

ಸುಮ್ಮನಿರದ ಒಬ್ಬರು ವಕೀಲ ಗೆರಿ ಸ್ಪೆನ್ಸ್. 1993ರಲ್ಲಿ ಬೊಯಿಸಿ ನಗರದ ಕೋರ್ಟಿನಲ್ಲಿ ಅವರು ವೀವರ್ ಪರ ನಿಂತರು. ಈ ಕೇಸು ಬಿಡು ಎಂದು ಯಹೂದಿ ಗೆಳೆಯರೊಬ್ಬರು ಅವರಿಗೆ ಕಾಗದ ಬರೆದರು. ಸ್ಪೆನ್ಸ್ ಉತ್ತರ ಬರೆದರು, ಆಮೇಲೆ ಅದನ್ನು ತಮ್ಮ ಪುಸ್ತಕದಲ್ಲೂ ಸೇರಿಸಿದರು. ವೀವರನ ನಂಬಿಕೆಗಳಲ್ಲಿ ತನಗೆ ಪಾಲಿಲ್ಲ, ಆದರೆ ಜನ ಸಹಿಸದ ನಂಬಿಕೆಯವನಿಗೆ ನ್ಯಾಯವಿಲ್ಲವೆಂದಾದರೆ ನಾಳೆ ಆ ಸಾಲಿನಲ್ಲಿ ಯಾರು ಬೇಕಾದರೂ ನಿಲ್ಲಬಹುದು ಎಂಬುದು ಅವರ ವಾದದ ಸಾರ. ಗೆಳೆಯ ಗೆಳೆಯನಿಗೆ ಬರೆದದ್ದರಿಂದ ಎರಡು ಕಾಗದಗಳಲ್ಲೂ ನೋವಿತ್ತು, ಬೈಗುಳವಿರಲಿಲ್ಲ. ಆ ಕಾಗದ ಬರೆದವರ ಸಂಕಟ ಕ್ಷುಲ್ಲಕವಲ್ಲ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಬರೆಯುತ್ತಿದ್ದೆನೇನೋ.

ಜ್ಯೂರಿ ಕೊಲೆ, ಸಂಚು, ಬಂದೂಕು ಮಾರಾಟ ಎಲ್ಲದರಿಂದಲೂ ವೀವರನನ್ನು ಬಿಟ್ಟಿತು. ಕೋರ್ಟಿಗೆ ಬಾರದ್ದಕ್ಕೆ ಮತ್ತು ಜಾಮೀನು ಷರತ್ತು ಮುರಿದದ್ದಕ್ಕೆ ಮಾತ್ರ ಹದಿನೆಂಟು ತಿಂಗಳ ಶಿಕ್ಷೆ. ಹ್ಯಾರಿಸ್ ಪೂರ್ತಿ ಬಿಡುಗಡೆಯಾದ. 1995ರಲ್ಲಿ ಸರ್ಕಾರ ತಪ್ಪೊಪ್ಪಿಕೊಳ್ಳದೆಯೇ 31 ಲಕ್ಷ ಡಾಲರ್ ಪರಿಹಾರಕ್ಕೆ ಸಹಿ ಹಾಕಿತು. ಮೂವರು ಹೆಣ್ಣುಮಕ್ಕಳಿಗೆ ತಲಾ ಹತ್ತು ಲಕ್ಷ, ತಂದೆಗೆ ಒಂದು ಲಕ್ಷ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತೇವಲ್ಲ. ಇಲ್ಲಿ ಹೋದದ್ದು ಮಾನವಷ್ಟೇ ಅಲ್ಲ.

ನಾವು ಮರೆಯುವ ಇನ್ನೊಂದು ಸಂಗತಿ, ಸರ್ಕಾರದ ಕಡೆಯವರಿಗೂ ನಡತೆ ಎಂಬುದೊಂದು ಇರುತ್ತದೆ. ಹೊರಿಯುಚಿ ಮೇಲೆ ಸ್ಥಳೀಯ ಬೌಂಡರಿ ಕೌಂಟಿಯವರು 1997ರಲ್ಲಿ ಕೇಸು ಹಾಕಿದರು. ಕೇಂದ್ರ ನೌಕರನ ಮೇಲೆ ರಾಜ್ಯ ಹೀಗೆ ಕೇಸು ನಡೆಸಬಹುದೇ ಎಂಬ ಪ್ರಶ್ನೆ ಮೇಲ್ಮನವಿ ಕೋರ್ಟಿಗೆ ಹೋಗಿ, 2001ರಲ್ಲಿ ಆರು ನ್ಯಾಯಾಧೀಶರು ನಡೆಸಬಹುದೆಂದರು, ಐವರು ಬೇಡವೆಂದರು. ಅಷ್ಟರಲ್ಲಿ ಕೌಂಟಿಗೆ ಬಂದಿದ್ದ ಹೊಸ ಪ್ರಾಸಿಕ್ಯೂಟರ್ ಕೇಸನ್ನೇ ಕೈಬಿಟ್ಟರು. ಹೊರಿಯುಚಿ ಎಂಥ ಮನುಷ್ಯ? ನನಗೆ ಹೇಳಲು ಬರುವುದಿಲ್ಲ. ಕೆಲವು ಸೆಕೆಂಡುಗಳು, ಓಡುತ್ತಿರುವ ಗುರಿ, ಕೈಯಲ್ಲಿ ಮೇಲಿನವರು ಬರೆದುಕೊಟ್ಟ ‘ಬೇಕು’. ಆದರೆ ಎಫ್‌ಬಿಐ ಕೇಂದ್ರ ಕಚೇರಿಯ ಮೈಕೆಲ್ ಕಾಹೊ ಎಂಬ ಅಧಿಕಾರಿ, ಈ ಕಾರ್ಯಾಚರಣೆಯ ತಪ್ಪುಗಳನ್ನು ಪಟ್ಟಿ ಮಾಡಿದ್ದ ಒಳವರದಿಯೊಂದನ್ನು ಇಲ್ಲವಾಗಿಸಿ, 1996ರಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಅಲ್ಲಿ ಗಾಳಿಯಿಲ್ಲ, ಕಾಡಿಲ್ಲ, ಪ್ರಾಣಭಯವಿಲ್ಲ. ಮೇಜು, ಕುರ್ಚಿ, ಯೋಚಿಸಲು ಬೇಕಾದಷ್ಟು ಹೊತ್ತು. ಗುಂಡು ಹಾರಿಸಿದವರಿಗಿಂತ ಕಾಗದ ಮುಚ್ಚಿಟ್ಟವನ ನಡತೆಯ ಬಗ್ಗೆ ನಾನು ಹೆಚ್ಚು ಖಚಿತವಾಗಿ ಮಾತಾಡಬಲ್ಲೆ. (ಏಕವಚನ ಇಲ್ಲಿ ಬೇಕೆಂದೇ ಬಳಸಿದ್ದು.)

ಮಾಡಿದ್ದನ್ನು ಹಿಡಿದು ತೂಗುವುದು ಆಗದ ಮಾತೇನಲ್ಲ. ಅದೇ ಆರ್ಯನ್ ನೇಷನ್ಸ್‌ನ ಕಾವಲಿನವರು 1998ರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ತಾಯಿ ಮಗನ ಕಾರಿಗೆ ಗುಂಡು ಹಾರಿಸಿದರು. ಆ ತಾಯಿ ಮಗ ಕೋರ್ಟಿಗೆ ಹೋದರು. 2000ದಲ್ಲಿ ಜ್ಯೂರಿ 63 ಲಕ್ಷ ಡಾಲರ್ ಪರಿಹಾರ ವಿಧಿಸಿತು, ಸಂಘಟನೆ ತನ್ನ ಜಾಗವನ್ನೇ ಕಳೆದುಕೊಂಡಿತು. ಒಂದು ಗುಂಡನ್ನೂ ಹಾರಿಸದೆ ಅಷ್ಟಾಯಿತು. ಅವರು ಏನನ್ನು ನಂಬುತ್ತಾರೆ ಎಂಬುದಕ್ಕೆ ದಂಡ ಬೀಳಲಿಲ್ಲ. ಕಾರಿನ ಮೇಲೆ ಬಿದ್ದ ಗುಂಡಿಗೆ ಬಿತ್ತು.

ನಮ್ಮ ಊರುಗಳಲ್ಲಿ ಬೆಳಗಿನ ಚಹಾದ ಹೊತ್ತಿಗೆ ‘ರೌಡಿಶೀಟರ್ ಕಾಲಿಗೆ ಗುಂಡೇಟು’ ಎಂಬ ತಲೆಬರಹ ಓದುವಾಗ ನಾವು ಏನು ಮಾಡುತ್ತೇವೆ? ಹಲ್ಲೆಗೆ ಯತ್ನಿಸಿದ, ಆತ್ಮರಕ್ಷಣೆಗೆ ಹಾರಿಸಿದರು ಎಂಬ ಎರಡು ಸಾಲು ಎಲ್ಲ ಸುದ್ದಿಯಲ್ಲೂ ಒಂದೇ ಅಚ್ಚಿನಲ್ಲಿರುತ್ತದೆ. ಕೆಲವು ಸಲ ಅದು ನಿಜವೂ ಇರುತ್ತದೆ. ಆದರೆ ನಿಜವೇ ಎಂದು ಕೇಳುವ ಮೊದಲು ನಾವು ‘ರೌಡಿಶೀಟರ್’ ಎಂಬ ಪದ ಓದಿ ಮುಗಿಸಿರುತ್ತೇವೆ. ‘ಹಂಗೇ ಆಗಬೇಕು’ ಎನ್ನುತ್ತಾ ಪುಟ ತಿರುಗಿಸುತ್ತೇವೆ. ಇಂಥ ಪ್ರಕರಣಗಳಲ್ಲಿ ಸಾವು ಸಂಭವಿಸಿದರೆ ಸ್ವತಂತ್ರ ತನಿಖೆ ಆಗಲೇಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟು ಹದಿನಾರು ಸೂಚನೆಗಳನ್ನು ಕೊಟ್ಟಿದೆ. ಸತ್ತವನು ಒಳ್ಳೆಯವನಾಗಿದ್ದರೆ ಮಾತ್ರ ಎಂಬ ಷರತ್ತು ಅದರಲ್ಲಿಲ್ಲ. ಅಂಥ ಸುದ್ದಿಗಳಿಗೆ ತಲೆಬರಹ ಕೊಟ್ಟವರಲ್ಲಿ ನಾನೂ ಒಬ್ಬ. ಪದ ಚಿಕ್ಕದು, ಕಾಲಂಗೆ ಸರಿಯಾಗಿ ಕೂರುತ್ತಿತ್ತು.

ವೀವರ್ ಆಮೇಲೆ ಸಾಧುವೇನೂ ಆಗಲಿಲ್ಲ. ಬಂದೂಕು ಮೇಳಗಳಲ್ಲಿ ತನ್ನ ಪುಸ್ತಕಕ್ಕೆ ಸಹಿ ಹಾಕಿ ಮಾರುತ್ತಿದ್ದ. 2007ರಲ್ಲಿ, ತೆರಿಗೆ ಕಟ್ಟಲೊಲ್ಲದೆ ಮನೆಯೊಳಗೆ ಕೂತ ನ್ಯೂ ಹ್ಯಾಂಪ್‌ಶೈರ್ ದಂಪತಿಯ ಬೆಂಬಲಕ್ಕೂ ಹೋದ. ಅಂದು ಅಪ್ಪನ ಜೊತೆ ಓಡಿ ಒಳಗೆ ಬಂದ ಹಿರಿಮಗಳು ಮಾತ್ರ ದೊಡ್ಡವಳಾದ ಮೇಲೆ, ಗುಂಡು ಹಾರಿಸಿದವರನ್ನು ಕ್ಷಮಿಸಿದ್ದೇನೆಂದು ಬಹಿರಂಗವಾಗಿಯೇ ಹೇಳಿದಳು.

1995ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಅಧ್ಯಕ್ಷತೆ ವಹಿಸಿದ್ದವರು ಆರ್ಲೆನ್ ಸ್ಪೆಕ್ಟರ್, ವಲಸೆ ಬಂದ ಯಹೂದಿ ತಂದೆಯ ಮಗ. ವೀವರ್ ನಂಬಿದ್ದ ಬೋಧನೆಯ ಪ್ರಕಾರ ಆ ಕುರ್ಚಿಯಲ್ಲಿ ಕೂತಿದ್ದವರು ಶತ್ರು. ಆ ಶತ್ರು ಕೇಳಿದ ಪ್ರಶ್ನೆಗಳಿಗೆ ವೀವರ್ ಉತ್ತರ ಕೊಟ್ಟರು. ತಾವೂ ತಪ್ಪು ಮಾಡಿದ್ದುಂಟು, ಈಗ ಗೊತ್ತಿರುವುದು ಆಗ ಗೊತ್ತಿದ್ದಿದ್ದರೆ ಗುಡ್ಡ ಇಳಿದು ಕೋರ್ಟಿಗೆ ಹೋಗುತ್ತಿದ್ದೆ ಎಂದರು. ಹಲಗೆ ಮನೆಯ ಆ ಬಾಗಿಲನ್ನೇ ಸಭಾಂಗಣಕ್ಕೆ ತಂದಿದ್ದರು. ಅದನ್ನು ಹಿಡಿದುಕೊಂಡು, ಗುಂಡು ಹೊಕ್ಕ ತೂತು ಎಲ್ಲಿದೆಯೆಂದು ಸೆನೆಟರುಗಳಿಗೆ ತೋರಿಸಿದರು.

ಕರಡು ಓದಿದ ಗೆಳೆಯ ಈ ಕೊನೆಯ ಪ್ಯಾರಾದ ಪಕ್ಕ ಪೆನ್ಸಿಲಿನಲ್ಲಿ ಗೀಟು ಎಳೆದು, ‘ಇಲ್ಲಿ ಬಹುವಚನ ಯಾಕೆ ಮಾರಾಯ?’ ಎಂದು ಬರೆದಿದ್ದಾನೆ. ಅವನು ಹೇಳುವವರೆಗೆ ನಾನು ಗಮನಿಸಿರಲಿಲ್ಲ. ತಿದ್ದಲು ಎರಡು ಸಲ ಕೂತೆ.